ತೋಟದ ಕೊನೆಗೆ ಕರೆಂಟ್ ಸೊರಗುವುದೇಕೆ? ವಯರಿನ ದಪ್ಪ, ಸ್ಯಾಗ್ (ವಯರಿನ ಜೋಲು), ದೋಟಿ (ಕೊಯ್ಲಿನ ಉದ್ದ ಕೋಲು): ಪ್ರಶ್ನೋತ್ತರ

ಪ್ರಶ್ನೆ (ಪೆರ್ಲ ಕಡೆಯಿಂದ): ನಮಸ್ಕಾರ ಸಾರ್. ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಅಡಿಕೆ ತೋಟಕ್ಕೆ ಸುಮಾರು 600 ಮೀಟರ್. ಲೈನಿನ ಕೊನೆಯಲ್ಲಿ ಆರು ಮನೆಯವರದ್ದು ತಲಾ 5 ಎಚ್‌ಪಿಯ ತ್ರೀ ಫೇಸ್ ಪಂಪು. ಬೇಸಗೆಯಲ್ಲಿ ಎಲ್ಲರೂ ಸ್ಪ್ರಿಂಕ್ಲರ್ ಬಿಟ್ಟರೆ ವೋಲ್ಟ್ ಮೀಟರು 340ಕ್ಕೆ ಇಳಿಯುತ್ತದೆ. ಒಮ್ಮೆ ನಿಂತ ಪಂಪು ಮತ್ತೆ ಹೊರಡುವುದಿಲ್ಲ, ಬರೇ ಗುಂಯ್ ಅನ್ನುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಕೇಳುವ ಅಂತ ಊರವರು. ಕಂಬ ಬದಲಿಸುವಾಗ ಉಳಿದ ವಯರಿನ ತುಂಡಿನ ಪಟ ಹಾಕಿದ್ದೇನೆ.

ಉತ್ತರ: ಅಣ್ಣಾ, ಟ್ರಾನ್ಸ್‌ಫಾರ್ಮರ್ ಆಮೇಲೆ, ಮೊದಲು ಆ ತುಂಡನ್ನು ನೋಡುವ. ಕತ್ತರಿಸಿದ ತುದಿಯಲ್ಲಿ ಏಳು ಎಳೆ ಕಾಣುತ್ತವೆ: ನಡುವೆ ಸತು ಲೇಪದ ಉಕ್ಕಿನದು ಒಂದು, ಸುತ್ತ ಅಲ್ಯೂಮಿನಿಯಂ ಆರು. ಇದು ಎಸಿಎಸ್‌ಆರ್, ಅಂದರೆ ಉಕ್ಕಿನ ಆಧಾರದ ಅಲ್ಯೂಮಿನಿಯಂ ವಯರು. ಉಕ್ಕು ಇರುವುದು ಬಲಕ್ಕೆ. ಕರೆಂಟು ಹೆಚ್ಚುಕಡಿಮೆ ಪೂರ್ತಿ ಹರಿಯುವುದು ಅಲ್ಯೂಮಿನಿಯಮ್ಮಿನಲ್ಲಿ. ಗಾತ್ರಗಳಿಗೆ ಪ್ರಾಣಿಗಳ ಹೆಸರು. ಒಟ್ಟು ದಪ್ಪ 6.33 ಮಿ.ಮೀ. ಇದ್ದರೆ ಸ್ಕ್ವಿರಲ್, 7.77 ಆದರೆ ವೀಸಲ್, 10.05 ಆದರೆ ರ್‍ಯಾಬಿಟ್. ನಿಮ್ಮ ಸ್ಕೇಲಿನಲ್ಲಿ ಆರು ದಾಟಿ ಚೂರೇ ಚೂರು ಇದೆ. ಸ್ಕ್ವಿರಲ್, ಅಂದರೆ ಅಳಿಲು!

ಸ್ಕ್ವಿರಲ್ಲಿನ ರೋಧ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 1.394 ಓಮ್, ರ್‍ಯಾಬಿಟ್ಟಿನದು 0.5524. ವಯರು ಬಿಸಿಲು, ಲೋಡು ಸೇರಿ 60 ಡಿಗ್ರಿಗೆ ಏರಿದರೆ ಎರಡೂ ಶೇ. 16ರಷ್ಟು ಹೆಚ್ಚುತ್ತವೆ. ಒಂದು 5 ಎಚ್‌ಪಿ ಪಂಪಿಗೆ ಸುಮಾರು 7.5 ಆಂಪಿಯರ್, ಆರಕ್ಕೆ 45. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದು ಲೆಕ್ಕ ಹಾಕಿದರೆ 600 ಮೀಟರ್ ಸ್ಕ್ವಿರಲ್ಲಿನಲ್ಲಿ ದಾರಿಯಲ್ಲೇ 70 ವೋಲ್ಟ್ ಖರ್ಚು. ಟ್ರಾನ್ಸ್‌ಫಾರ್ಮರ್ ಹತ್ತಿರದ 415ರಲ್ಲಿ 70 ಕಳೆಯಿರಿ, 345; ನಿಮ್ಮ ಮೀಟರು ಹೇಳಿದ್ದರ ಹತ್ತಿರವೇ ಬರುತ್ತದೆ. ರ್‍ಯಾಬಿಟ್ ಎಳೆದರೆ ಇದೇ ಖರ್ಚು 33ರ ಆಸುಪಾಸು.

ಪಂಪು ಹೊರಡದ ಕಾರಣ ಬೇರೆ ಹುಡುಕಬೇಕಿಲ್ಲ. ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಸರಿಯಾಗಿ ಇಳಿಯುತ್ತದೆ. 340 ಅಂದರೆ 415ರ ಶೇ. 82, ಬಲ ಉಳಿಯುವುದು ಶೇ. 67. ಹೊರಡದೆ ಗುಂಯ್ ಅನ್ನುವಷ್ಟು ಹೊತ್ತೂ ಕಾಯಿಲ್ ಕಾಯುತ್ತಿರುತ್ತದೆ, ಸ್ವಿಚ್ಚು ಹಿಡಿದು ಕಾಯಬೇಡಿ.

ವಿದ್ಯುತ್ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವಾಗ ಒಂದು ಕೆಲಸ ಮಾಡಿಸಿ. ಎಲ್ಲಾ ಪಂಪು ಓಡುತ್ತಿರುವಾಗ ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಹತ್ತಿರ ಮೂರೂ ಫೇಸ್ ಅಳೆಯಲಿ, ಅದೇ ಹೊತ್ತಿಗೆ ನೀವು ಪ್ಯಾನಲಿನಲ್ಲಿ ನೋಡಿ. ಅಲ್ಲಿ 415, ಇಲ್ಲಿ ಮೂರೂ ಸಮನಾಗಿ ಕಡಿಮೆ: ವಯರು ತೆಳು. ಅಲ್ಲೂ ಕಡಿಮೆ: ಆಗ ಟ್ರಾನ್ಸ್‌ಫಾರ್ಮರ್ ಅಥವಾ ಅದಕ್ಕೆ ಬರುವ 11 ಕೆವಿ (11,000 ವೋಲ್ಟ್) ಲೈನಿನ ಕಡೆಯ ಮಾತು. ಒಂದೇ ಫೇಸ್ ಸೊರಗಿದ್ದರೆ ಜಂಪರಿನ (ಕಂಬದಲ್ಲಿ ವಯರುಗಳನ್ನು ಜೋಡಿಸುವ ತುಂಡಿನ) ಜಾಯಿಂಟ್ ನೋಡಿಸಿ. ತಾಮ್ರದ ಸರ್ವಿಸ್ ವಯರನ್ನು ಅಲ್ಯೂಮಿನಿಯಮ್ಮಿಗೆ ಬರೇ ಸುತ್ತಿ ಬಿಟ್ಟಿರುತ್ತಾರೆ. ನಮ್ಮ ಮಳೆಗೆ, ಕಡಲ ಗಾಳಿಗೆ ಅದು ಎರಡು ವರ್ಷದಲ್ಲಿ ಬಿಳಿ ಪುಡಿ ಹಿಡಿದು ಕಾಯಲು ಶುರು. ಅಲ್ಲಿ ಬೇಕಾದದ್ದು ಬೈಮೆಟಾಲಿಕ್ ಕ್ಲ್ಯಾಂಪು, ಅಂದರೆ ಎರಡು ಲೋಹ ಜೋಡಿಸಲೆಂದೇ ಮಾಡಿದ್ದು.

ಮರುಪ್ರಶ್ನೆ: ಪಂಪಿಗೆ ಕೆಪಾಸಿಟರ್ ಹಾಕಿದರೆ ಸಾಲದೇ ಸಾರ್? ಅಂಗಡಿಯವರು ಅದನ್ನೇ ಹೇಳಿದರು.

ಉತ್ತರ: 5 ಎಚ್‌ಪಿಗೆ 2 ಕೆವಿಎಆರ್ (ಕೆಪಾಸಿಟರಿನ ಅಳತೆ) ಹಾಕುವುದು ಒಳ್ಳೆಯದೇ. ಆರು ಪಂಪಿನ 45 ಆಂಪಿಯರ್ 37ರ ಹತ್ತಿರ ಬರುತ್ತದೆ, ವಯರಿನ ಬಿಸಿಯೂ ಇಳಿಯುತ್ತದೆ. ಆದರೆ ವೋಲ್ಟೇಜು ಏರುವುದು ಬರೀ 6 ವೋಲ್ಟಿನಷ್ಟು. ತೆಳು ವಯರಿನಲ್ಲಿ ವೋಲ್ಟೇಜ್ ನಷ್ಟದ ಬಹುಪಾಲು ರೋಧದಿಂದ. ಕೆಪಾಸಿಟರ್ ಅದನ್ನು ಮುಟ್ಟುವುದಿಲ್ಲ. ಅಂಗಡಿಯವರ ಮಾತು ಅರ್ಧ ಸತ್ಯ.

ಪ್ರಶ್ನೆ (ಮುಳ್ಳೇರಿಯದಿಂದ): ಮಧ್ಯಾಹ್ನ ನಮ್ಮಲ್ಲಿ ಲೈನು ಜೋತುಬೀಳುತ್ತದೆ, ಬೆಳಗ್ಗೆ ಸರಿ ಇರುತ್ತದೆ. ಬಿಗಿಯಾಗಿ ಎಳೆಯಲು ಹೇಳಬಹುದಾ?

ಉತ್ತರ: ಎಳೆಯಲು ಹೇಳಬೇಡಿ, ನೆಲದಿಂದ ಎತ್ತರ ಅಳೆಯಲು ಹೇಳಿ. 50 ಮೀಟರ್ ಅಂತರದ ಎರಡು ಕಂಬದ ನಡುವೆ ರ್‍ಯಾಬಿಟ್ಟನ್ನು 20 ಸೆಂ.ಮೀ. ಸ್ಯಾಗ್‌ನಲ್ಲಿ ಕಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಎಳೆತ ಆಗ ಸುಮಾರು 335 ಕೆಜಿ. ವಯರಿನ ಬಿಸಿ 40 ಡಿಗ್ರಿ ಏರಿದರೆ ಸ್ಯಾಗ್ 58 ಸೆಂ.ಮೀ.ಗೆ ಹೆಚ್ಚುತ್ತದೆ, ಎಳೆತ 115ಕ್ಕೆ ಬರುತ್ತದೆ. ಇದು ದೋಷ ಅಲ್ಲ. ಮಧ್ಯಾಹ್ನದ ಬಿಸಿಲಿಗೆ ನೇರ ಮಾಡಿ ಕಟ್ಟಿದರೆ ರಾತ್ರಿಯ ತಂಪಿಗೆ ಅದೇ ವಯರು ಕಂಬವನ್ನೂ ಇನ್ಸುಲೇಟರನ್ನೂ ಎಳೆದು ಹಾಕುತ್ತದೆ, ಗಾಳಿ ಬಂದ ದಿನ ಕ್ಲ್ಯಾಂಪಿನ ಬುಡದಲ್ಲಿ ಎಳೆ ಕಡಿಯುತ್ತದೆ. ಲೋ ಟೆನ್ಷನ್ ಲೈನು (ಮನೆ, ಪಂಪಿಗೆ ಬರುವುದು) ರಸ್ತೆ ದಾಟುವಲ್ಲಿ ಅತಿ ಹೆಚ್ಚು ಸ್ಯಾಗ್ ಇರುವಾಗಲೂ ನೆಲದಿಂದ 5.8 ಮೀಟರ್ ಬೇಕು, 11 ಕೆವಿಗೆ 6.1. ಕಮ್ಮಿ ಇದ್ದರೆ ನಡುವೆ ಇನ್ನೊಂದು ಕಂಬ ಹಾಕಿಸಿ. ಸಮ ಎಳೆತದಲ್ಲಿ ಅಂತರ ಅರ್ಧವಾದರೆ ಸ್ಯಾಗ್ ಕಾಲು ಭಾಗ.

ಪ್ರಶ್ನೆ (ಬದಿಯಡ್ಕ): 400 ಕೆವಿ ಟವರಿನಲ್ಲಿ ಒಂದೊಂದು ಫೇಸಿಗೂ ನಾಲ್ಕು ವಯರು ಯಾಕೆ? ಮಳೆಗೆ ಚರಚರ ಸದ್ದು ಯಾಕೆ?

ಉತ್ತರ: ಸದ್ದು ಕೊರೋನಾದ್ದು (ಜ್ವರದ್ದಲ್ಲ!): ವಯರಿನ ಮೈಯಲ್ಲಿ ವಿದ್ಯುತ್ ಕ್ಷೇತ್ರ ತೀವ್ರವಾಗಿ ಗಾಳಿ ಸೀಳುವುದು. ನೀರಿನ ಹನಿ ಮೊನೆಯಾಗಿ ಅದನ್ನು ಹೆಚ್ಚಿಸುತ್ತದೆ. ನಾಲ್ಕನ್ನು ಬಿಡಿಬಿಡಿಯಾಗಿ ಕಟ್ಟಿದರೆ ಒಂದೇ ದಪ್ಪ ವಯರಿನಂತೆ ವರ್ತಿಸಿ ತೀವ್ರತೆ ತಗ್ಗುತ್ತದೆ, ರಿಯಾಕ್ಟೆನ್ಸೂ (ಎಸಿ ಕರೆಂಟಿಗೆ ರೋಧವಲ್ಲದೆ ಲೈನು ಒಡ್ಡುವ ತಡೆ) ಇಳಿಯುತ್ತದೆ.

ಪ್ರಶ್ನೆ (ಮಂಜೇಶ್ವರ): ಕಾರ್ಬನ್ ಫೈಬರ್ ದೋಟಿ ಲೋಹವಲ್ಲವಲ್ಲ, ಲೈನಿನ ಹತ್ತಿರ ಕೊಯ್ಯಬಹುದಾ?

ಉತ್ತರ: ಬೇಡ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಅಲ್ಯೂಮಿನಿಯಂ ದೋಟಿಗೆ ಹೆದರುವವರು ಇದಕ್ಕೆ ಹೆದರದಿರುವುದೇ ಅಪಾಯ. 11 ಕೆವಿಗಾದರೆ ತಾಗಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೆ ಸಾಕು. ದೋಟಿ ಅಡ್ಡ ಬಿದ್ದರೆ ವಯರಿಗೆ ತಾಗುವಷ್ಟು ಹತ್ತಿರದ ಮರಗಳನ್ನು ಗುರುತು ಹಾಕಿ, ಆ ಸಾಲನ್ನೆಲ್ಲ ಒಂದೇ ದಿನ ಇಟ್ಟುಕೊಂಡು ಸೆಕ್ಷನಿನಿಂದ ಲೈನ್ ಆಫ್ ಮಾಡಿಸಿ ಕೊಯ್ಯಿರಿ. ಫ್ಯೂಸ್ ನೀವೇ ಕೀಳಬೇಡಿ. ಇನ್ನೊಂದು: ಮರ ಬಿದ್ದು ವಯರು ಕಡಿದು ಒಣ ಮುರಕಲ್ಲಿನ ಮೇಲೆ ಬಿದ್ದರೆ ನೆಲಕ್ಕೆ ಹರಿಯುವ ಕರೆಂಟು ಕಮ್ಮಿ, ಫ್ಯೂಸ್ ಹೋಗದೆ ಇರಬಹುದು. ಕಿಡಿ ಕಾಣದಿದ್ದರೂ ಹತ್ತು ಮೀಟರ್ ದೂರ ನಿಂತು ಫೋನ್ ಮಾಡಿ, ದನಗಳನ್ನು ಆಚೆ ಬಿಡಬೇಡಿ.