ಟಾಗೋರ್ ಬೀಚಿಗೆ ಸಾಬರಮತಿ ಬೇಕಾ?

ಗುಂಪು: ಹತ್ತನೇ ‘ಬಿ’, ಕಾರವಾರ

ಉದಯ: (ಫಾರ್ವರ್ಡ್ ಆದ ವೀಡಿಯೊ: ಸಾಬರಮತಿ ನದಿ ದಂಡೆ, ಡ್ರೋನ್‌ನಿಂದ ತೆಗೆದದ್ದು)

ಉದಯ: ಎಲ್ಲರೂ ನೋಡಿ. ಅಹಮದಾಬಾದಿನವರು ಏನು ಮಾಡಿಟ್ಟಿದ್ದಾರೆ! ನಮ್ಮ ಟಾಗೋರ್ ಬೀಚಿಗೆ ಇದರ ಕಾಲು ಭಾಗ ಮಾಡಿದರೂ ಸಾಕು, ಗೋವಾಕ್ಕೆ ಓಡುವ ಗಾಡಿಗಳೆಲ್ಲ ಇಲ್ಲೇ ನಿಲ್ಲುತ್ತವೆ.

ರಾಘು: ಸೂಪರ್!

ಗಣಪತಿ: ಚಂದ ಇದೆ. ಆದರೆ ಮರ ಎಲ್ಲಿ ಮಾರಾಯಾ? ಬರೀ ಕಾಂಕ್ರೀಟೇ ಕಾಣುತ್ತದೆ.

ಉದಯ: ಕೊನೆವರೆಗೆ ನೋಡು, ಪಾರ್ಕ್ ಬರುತ್ತದೆ. ನೀವು ಶಿರಸಿಯವರಿಗೆ ಮರ ಕಾಣದಿದ್ದರೆ ಊಟ ಸೇರುವುದಿಲ್ಲ.

ರೇಣುಕಾ: ಉದಯ, ಅದು ನದಿ. ಇದು ಸಮುದ್ರ.

ಉದಯ: ಗೊತ್ತು ಮಾರಾಯ್ತಿ. ನಾನೂ ಅಲ್ಲೇ ಹುಟ್ಟಿದವನು.

ರೇಣುಕಾ: ಹಾಗಾದರೆ ಕೇಳು. ಅಲ್ಲಿ ಎರಡೂ ಕಡೆ ಗೋಡೆ ಎಬ್ಬಿಸಿ ನದಿಯನ್ನು 263 ಮೀಟರಿನ ಒಂದೇ ಅಗಲಕ್ಕೆ ತಂದಿದ್ದಾರೆ. ಒಳಗೆ ತುಂಬಿರುವುದು ನರ್ಮದಾ ಕಾಲುವೆಯಿಂದ ಬಿಟ್ಟ ನೀರು. ಅದು ಗೋಡೆಗೆ ಬಡಿಯುವ ನೀರಲ್ಲ. ಇಲ್ಲಿ ಆಷಾಢದ ತೆರೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾ? ಮರಳಿನ ಮೇಲೆ ಗೋಡೆ ಕಟ್ಟಿದರೆ, ತೆರೆ ಬಂದು ಹೊಡೆದು ವಾಪಸ್ ಹೋಗುವಾಗ ಬುಡದ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ಗೋಡೆ ಉಳಿಯುತ್ತದೆ, ಬೀಚ್ ಇರುವುದಿಲ್ಲ.

ಉದಯ: ಹಾಗಂತ ಏನೂ ಮಾಡುವುದೇ ಬೇಡವಾ? ಹೋದ ಸಲ ಊರಿಗೆ ಬಂದಾಗ ಅಮ್ಮನನ್ನು ಸಂಜೆ ಕರೆದುಕೊಂಡು ಹೋಗಿದ್ದೆ. ಮರಳಲ್ಲಿ ಅವಳ ಕಾಲು ಹೂತುಕೊಂಡಿತು. ತೆರೆ ಹತ್ತಿರ ಹೋಗಲು ಆಗಲೇ ಇಲ್ಲ. ರಸ್ತೆ ಬದಿ ಕೂತು ವಾಪಸ್ ಬಂದಳು. ಹುಟ್ಟಿದ ಊರಿನ ಸಮುದ್ರ ಅದು. ವಯಸ್ಸಾದವರಿಗೆ ಒಂದು ದಾರಿ ಕೇಳಿದರೆ ತಪ್ಪಾ?

ರೇಣುಕಾ: ತಪ್ಪಲ್ಲ. ನನ್ನ ಆಯಿಗೂ ಅದೇ ಕಷ್ಟ. ದಾರಿ ಬೇಕು. ಎಲ್ಲಿ ಬೇಕು, ಯಾರನ್ನು ಕೇಳಿ ಮಾಡಬೇಕು ಅನ್ನುವುದೇ ನನ್ನ ಜಗಳ.

ಉದಯ: ಜನರನ್ನು ಸೇರಿಸಿಕೊಂಡೇ ಮಾಡೋಣ. ನಾವೇ ಇದ್ದೇವಲ್ಲ. ತಿಂಗಳಿಗೊಂದು ಭಾನುವಾರ ಬೀಚ್ ಕ್ಲೀನಿಂಗ್, ಮಳೆಗಾಲದಲ್ಲಿ ಗಿಡ ನೆಡುವುದು. ಟೀ ಶರ್ಟ್ ಖರ್ಚು ನನ್ನದು.

ರೇಣುಕಾ: ಅದಕ್ಕೆ ಕಸ ಹೆಕ್ಕಿಸುವುದು ಅಂತಾರೆ. ಎಲ್ಲ ಕಡೆ ಇದೇ ಕಥೆ. ನಕ್ಷೆ ಪಾಸಾದ ಮೇಲೆ ಗ್ಲೌಸ್ ಕೊಟ್ಟು ಕರೆಯುತ್ತಾರೆ, ಫೋಟೋ ತೆಗೆಯುತ್ತಾರೆ. ನಕ್ಷೆ ಬರೆಯುವ ಮೊದಲು ಒಬ್ಬರೂ ಕರೆಯುವುದಿಲ್ಲ.

ಗಣಪತಿ: ನಮ್ಮ ಶಿರಸಿಯಲ್ಲಿ ಹಾಗಾಗಲಿಲ್ಲ. ಜೀವಜಲ ಕಾರ್ಯಪಡೆ ಅಂತ ಊರವರೇ ಸೇರಿಕೊಂಡು ಕೆರೆಗಳ ಹೂಳು ತೆಗೆಸಿದರು. ಸರ್ಕಾರ ಬರಲಿ ಅಂತ ಕಾದು ಕೂರಲಿಲ್ಲ.

ಉದಯ: ಅದೇ! ಅಂಥ ಉತ್ಸಾಹ ಬೇಕು.

ರೇಣುಕಾ: ಗಣಪತಿ, ಅದು ಒಳ್ಳೆ ಕೆಲಸ, ಸಂಶಯ ಇಲ್ಲ. ಆದರೆ ಕೆರೆಯಲ್ಲಿ ನೀರು ತುಂಬಬೇಕು ಅನ್ನುವುದಕ್ಕೆ ಊರಲ್ಲಿ ಎರಡು ಮಾತಿಲ್ಲ. ಬಾವಿಗೆ ನೀರು ಬರುತ್ತದೆ, ಎಲ್ಲರಿಗೂ ಲಾಭ. ಬೀಚ್ ಹಾಗಲ್ಲ. ವಾಕಿಂಗಿನವರಿಗೆ ಒಂದು ಬೇಕು, ಟೂರಿಸ್ಟಿಗೆ ಇನ್ನೊಂದು, ಮೀನು ಹಿಡಿಯುವ ನಮ್ಮ ಮನೆಯವರಿಗೆ ಮತ್ತೊಂದು.

ರಾಘು: ಅಡ್ಮಿನ್ ಆಗಿ ಒಂದು ಮಾತು. ಇದು ಬರ್ತ್‌ಡೇ ವಿಶ್ ಗುಂಪು.

ಸವಿತಾ: ರಾಘು ಸುಮ್ನಿರು. ಈಗ ನೋಡಿದೆ ಎಲ್ಲ ಮೆಸೇಜು. ಮದುವೆಯಾದಾಗಿಂದ ನಾನು ಆ ವೀಡಿಯೊದ ಊರಲ್ಲೇ ಇದ್ದೇನೆ, ನನ್ನನ್ನು ಒಬ್ಬರೂ ಕೇಳಲಿಲ್ಲವಲ್ಲ!

ಉದಯ: ಹೇಳು ಸವಿತಾ, ಚೆನ್ನಾಗಿದೆಯೋ ಇಲ್ಲವೋ?

ಸವಿತಾ: ಬೆಳಿಗ್ಗೆ ನಡೆಯಲು ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ. ಒಂದೊಂದು ದಂಡೆಗೆ ಹನ್ನೊಂದು ಕಿಲೋಮೀಟರಿನಷ್ಟು ಉದ್ದ. 2005ರಲ್ಲಿ ಕೆಲಸ ಶುರು, 2012ರಲ್ಲಿ ಜನರಿಗೆ ಬಿಟ್ಟರು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಬಂದು ನೋಡು, ಆ ಬಿಸಿಲಿಗೆ ನಾಯಿಯೂ ಓಡಾಡುವುದಿಲ್ಲ. ಇನ್ನೊಂದು, ಆ ದಂಡೆಯಲ್ಲಿ ಮೊದಲು ಸಾವಿರಾರು ಗುಡಿಸಲುಗಳಿದ್ದವು. ಅವರನ್ನೆಲ್ಲ ಎಬ್ಬಿಸಿ ಊರ ಹೊರಗಿನ ಕಾಲೊನಿಗಳಿಗೆ ಕಳಿಸಿದರು. ಡ್ರೋನಿಗೆ ಅದು ಕಾಣುವುದಿಲ್ಲ.

ಉದಯ: ದೊಡ್ಡ ಕೆಲಸದಲ್ಲಿ ಅಷ್ಟಿಷ್ಟು ಆಗುತ್ತದೆ.

ಸವಿತಾ: ಪೂರ್ತಿ ಕೇಳು. ಎಲ್ಲಿಸ್ ಬ್ರಿಜ್ ಕೆಳಗೆ ಭಾನುವಾರದ ಸಂತೆ ಒಂದಿದೆ, ಗುಜರಿ ಬಜಾರ್. ಸುಲ್ತಾನರ ಕಾಲದಿಂದ ನಡೆದುಕೊಂಡು ಬಂದದ್ದು ಅಂತಾರೆ. ಹಳೆ ಪುಸ್ತಕ, ಮಂಚ, ಸುತ್ತಿಗೆ, ಸ್ಪ್ಯಾನರ್, ಏನು ಬೇಕಾದರೂ ಸಿಗುತ್ತದೆ. ಹೊಸ ನಕ್ಷೆಯಲ್ಲಿ ಅದಕ್ಕೆ ಮೊದಲಿನ ಜಾಗ ಇರಲಿಲ್ಲ. ವ್ಯಾಪಾರಿಗಳು ಸುಮ್ಮನೆ ಎದ್ದು ಹೋಗಲಿಲ್ಲ. ಹೈಕೋರ್ಟಿಗೆ ಹೋದರು. ಐಐಎಂನವರು, ಎನ್‌ಐಡಿ ವಿನ್ಯಾಸ ಸಂಸ್ಥೆಯವರು ಜೊತೆ ಕೂತು ಸಂತೆಯೂ ಇರುವ ಹಾಗೆ ಬೇರೆ ನಕ್ಷೆ ತಯಾರಿಸಲು ನೆರವಾದರು. 2014ರಲ್ಲಿ ಅದೇ ದಂಡೆಯಲ್ಲಿ ಸಾಲು ಕಟ್ಟೆಗಳು, ಮಧ್ಯೆ ಮರಗಳು ಇರುವ ಸಂತೆ ತೆರೆಯಿತು. ನನ್ನನ್ನು ಕೇಳಿದರೆ ಇಡೀ ದಂಡೆಯಲ್ಲಿ ಜೀವ ಇರುವ ಜಾಗ ಅದೊಂದೇ. ಭಾನುವಾರ ಕಾಲಿಡಲು ಜಾಗ ಸಿಗುವುದಿಲ್ಲ.

ರೇಣುಕಾ: ನೋಡು ಉದಯ, ನೀನು ಕಳಿಸಿದ ವೀಡಿಯೊದಲ್ಲೇ ಉತ್ತರ ಇದೆ.

ಉದಯ: ವೀಡಿಯೊದಲ್ಲಿ ಸಂತೆ ಕಾಣಲಿಲ್ಲ.

ಸವಿತಾ: ಯಾಕೆ ಕಾಣುತ್ತದೆ? ತೆಗೆದದ್ದು ಸೋಮವಾರ ಇರಬೇಕು.

ನಾಯಕ್ ಸರ್: ಮಕ್ಕಳೇ, ಟಾಗೋರರ ಹೆಸರು ಬಂದದ್ದಕ್ಕೆ ಒಂದು ಮಾತು. ಅವರ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರು. 1878ರಲ್ಲಿ ಅಹಮದಾಬಾದಿನಲ್ಲಿದ್ದರು, ಸಾಬರಮತಿ ದಂಡೆಯ ಶಾಹಿಬಾಗ್ ಅರಮನೆಯಲ್ಲಿ. ಹದಿನೇಳರ ಹುಡುಗ ರವೀಂದ್ರ ಅಲ್ಲಿ ಕೆಲವು ತಿಂಗಳು ಉಳಿದಿದ್ದರು. ಮುಂದೆ ಅದೇ ಅಣ್ಣ ಕಾರವಾರಕ್ಕೆ ಜಡ್ಜ್ ಆಗಿ ಬಂದರು, ತಮ್ಮನೂ ಬಂದರು. ನಮ್ಮ ಗಾಳಿ ಮರಗಳ ಬಗ್ಗೆ, ಕಾಳಿ ನದಿಯಲ್ಲಿ ದೋಣಿ ಹತ್ತಿದ ಬೆಳದಿಂಗಳ ಬಗ್ಗೆ ನೆನಪಿನಲ್ಲಿ ಬರೆದಿದ್ದಾರೆ. ನೆಲಕ್ಕೆ ಹಾಸುವ ಪೇವರ್ಸ್ ಬಗ್ಗೆ ಏನೂ ಬರೆದಂತಿಲ್ಲ.

ಗಣಪತಿ: ಸರ್, ನೀವು ಈಗಲೂ ಹಾಗೇ ಇದ್ದೀರಿ.

ಉದಯ: ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಟಾಗೋರರು ವಾಪಸ್ ಕಲ್ಕತ್ತೆಗೆ ಹೋದರು. ಊರಲ್ಲಿರುವವರಿಗೆ ದುಡಿಮೆ ಬೇಕು. ರೇಣುಕಾ, ನೇರ ಕೇಳುತ್ತೇನೆ, ಬೇಜಾರಾಗಬೇಡ. ಈಗ ದಡದಿಂದ ರಂಪಣಿ ಬಲೆ ಎಳೆಯುವವರು ಎಷ್ಟು ಜನ ಉಳಿದಿದ್ದಾರೆ? ಅವರಿಗೋಸ್ಕರ ಇಡೀ ಬೀಚ್ ಖಾಲಿ ಬಿಡಬೇಕಾ?

ರೇಣುಕಾ: ಬೇಜಾರಿಲ್ಲ. 1970ರ ದಶಕದಲ್ಲಿ ಸಮುದ್ರದಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಕಡಿಮೆ ಆಯಿತು, ನಿಜ. ನಿಂತಿಲ್ಲ. ನೀನು ಕೊನೆಯದಾಗಿ ಯಾವಾಗ ನೋಡಿದ್ದೀಯೋ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ. ದೋಣಿ ಸಮುದ್ರದಲ್ಲಿ ಅರ್ಧ ಸುತ್ತು ಹಾಕಿ ಬಲೆ ಬಿಡುತ್ತ ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಎರಡೂ ಕಡೆ ಸಾಲು ನಿಂತು ಎಳೆಯುತ್ತಾರೆ. ಹಿಮ್ಮಡಿ ಮರಳಿಗೆ ಊರಿ, ಹಿಂದೆ ಹಿಂದೆ ಹೆಜ್ಜೆ. ಹಗ್ಗ ಹಿಡಿದು ಗಾಳಿ ಮರದ ತನಕ ಹೋದವನು ಅಲ್ಲಿ ಬಿಟ್ಟು ಮತ್ತೆ ನೀರಿನ ಅಂಚಿಗೆ ಓಡಿ ಬಂದು ಹಿಡಿಯುತ್ತಾನೆ. ಒಬ್ಬ ಕೊನೆಯಲ್ಲಿ ಕೂತು ಹಗ್ಗ ಸುತ್ತುತ್ತಾನೆ. ಎರಡು ಸಾಲೂ ನಿಧಾನಕ್ಕೆ ಹತ್ತಿರ ಹತ್ತಿರ ಸರಿಯುತ್ತ ಬರುತ್ತವೆ.
ಈಗ ನಿನ್ನ ನಕ್ಷೆ ತೆಗಿ. ನೀರಿನಿಂದ ಮರದ ತನಕ ನಡುವೆ ಎಲ್ಲಿ ಕಟ್ಟೆ ಕಟ್ಟಿದರೂ ಹಿಂದೆ ನಡೆಯುವವನ ಕಾಲಿಗೆ ಅದು ಸಿಗುತ್ತದೆ. ಅಡ್ಡಲಾಗಿ ಎಲ್ಲಿ ದೀಪದ ಕಂಬ ನೆಟ್ಟರೂ ಸರಿಯುವ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಯಾವ ಆರ್ಕಿಟೆಕ್ಟಿಗೂ ಇದು ಆಫೀಸಲ್ಲಿ ಕೂತು ಹೊಳೆಯುವುದಿಲ್ಲ. ಒಂದು ಬೆಳಿಗ್ಗೆ ಬಂದು ನಿಂತು ಕೇಳಿದರೆ ಹತ್ತು ನಿಮಿಷದ ಕೆಲಸ.

ಗಣಪತಿ: ಇದು ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ.

ರೇಣುಕಾ: ಮತ್ತೆ, ‘ಇಡೀ ಬೀಚ್’ ಅಂದೆಯಲ್ಲ ಉದಯ. ಎಷ್ಟು ಉಳಿದಿದೆ? ಬಿಣಗಾ, ಅರ್ಗಾ ಕಡೆಯದು ನೌಕಾಪಡೆಯ ನೆಲೆ ಸೀಬರ್ಡ್‌ಗೆ ಹೋಯಿತು. ಈ ಬದಿಗೆ ಬಂದರು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಕಲ್ಲು ಹಾಕಲು ಶುರು ಮಾಡಿದಾಗ ನಮ್ಮವರು ಬೀದಿಗಿಳಿದರು, ಊರು ಬಂದ್ ಆಯಿತು, ಆಮೇಲೆ ಹೈಕೋರ್ಟ್ ತಡೆ ಕೊಟ್ಟಿತು. ಆವತ್ತು ಬೀಚ್ ಉಳಿಸಿ ಅಂತ ನೀನೂ ಸ್ಟೇಟಸ್ ಹಾಕಿದ್ದೆ.

ಉದಯ: ಹಾಕಿದ್ದೆ. ಈಗಲೂ ಹಾಕುತ್ತೇನೆ. ಬಂದರು ಬೇರೆ, ಪಾರ್ಕ್ ಬೇರೆ.

ರೇಣುಕಾ: ಹಗ್ಗಕ್ಕೆ ಎರಡೂ ಒಂದೇ.

ರಾಘು: ಹೊನ್ನಾವರದ ಕಾಸರಕೋಡು ನೋಡಿ. 2020ರಲ್ಲಿ ಶುಚಿಯಾದ ಬೀಚುಗಳಿಗೆ ಕೊಡುವ ಬಾವುಟ, ಬ್ಲೂ ಫ್ಲ್ಯಾಗ್ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸಲು ಕೋಣೆ, ನೀರಿನ ಪರೀಕ್ಷೆ ಎಲ್ಲ ಇದೆ. ಕಾಂಕ್ರೀಟೂ ಜಾಸ್ತಿ ಇಲ್ಲ.

ರೇಣುಕಾ: ಹೋಗಿದ್ದೇನೆ, ಚೆನ್ನಾಗಿದೆ. ಅದರ ಪಕ್ಕದಲ್ಲೇ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ಹೋರಾಡುತ್ತ ಬಂದಿದ್ದಾರೆ. ಬಾವುಟಕ್ಕೆ ನೀರು ಎಷ್ಟು ಶುದ್ಧ ಅಂತ ಅಳೆಯಲು ಬರುತ್ತದೆ. ಪಕ್ಕದ ಮನೆಯವರನ್ನು ಕೇಳಿದಿರಾ ಅಂತ ಯಾರು ಅಳೆಯುತ್ತಾರೆ?

ಉದಯ: ಸರಿ ಸರಿ. ನೀನೇ ಹೇಳು, ಅಮ್ಮನಿಗೆ ದಾರಿ ಎಲ್ಲಿ?

ರೇಣುಕಾ: ಗಾಳಿ ಮರದ ಸಾಲಿನ ಹಿಂದೆ, ರಸ್ತೆ ಪಕ್ಕ. ನೆರಳೂ ಸಿಗುತ್ತದೆ. ಅಲ್ಲಿಂದ ತೆರೆ ತನಕ ಸುತ್ತಿಡುವಂಥ ಚಾಪೆ ಹಾಸಬಹುದು, ಗಾಲಿ ಕುರ್ಚಿಯೂ ಹೋಗುತ್ತದೆ. ಬೇರೆ ಊರುಗಳಲ್ಲಿ ಹಾಸುತ್ತಾರೆ. ಬಲೆ ಬಿಟ್ಟ ದಿನ, ಮಳೆಗಾಲದಲ್ಲಿ ಸುತ್ತಿ ಇಟ್ಟರಾಯಿತು.

ಉದಯ: ಇದು ಒಪ್ಪುವ ಮಾತು. ಲೈಟ್ ಮಾತ್ರ ಬೇಕೇ ಬೇಕು. ಹೈಮಾಸ್ಟ್ ಎರಡು.

ಗಣಪತಿ: ಹೈಮಾಸ್ಟ್ ಬೇಡ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಮರಿಗಳು ಹೊರಗೆ ಬಂದ ಕೂಡಲೇ ಬೆಳಕಿದ್ದ ಕಡೆ ಹೋಗುತ್ತವೆ. ಸಮುದ್ರ ಬಿಟ್ಟು ರಸ್ತೆಗೆ ಬರುತ್ತವೆ.

ಉದಯ: ಆಮೆಗೆ ಕತ್ತಲು ಬೇಕು, ಹೆಣ್ಣುಮಕ್ಕಳಿಗೆ ಬೆಳಕು ಬೇಕು. ರೇಣುಕಾ, ರಾತ್ರಿ ಎಂಟಕ್ಕೆ ನೀನು ಒಬ್ಬಳೇ ಅಲ್ಲಿ ನಡೆಯುತ್ತೀಯಾ?

ರೇಣುಕಾ: ಇಲ್ಲ. ಈ ಪ್ರಶ್ನೆ ಸರಿಯಾಗಿದೆ. ಮೊಣಕಾಲೆತ್ತರದ ಹಳದಿ ದೀಪ, ದಾರಿಗೆ ಮಾತ್ರ ಬೀಳುವ ಹಾಗೆ ಮರೆ ಇಟ್ಟರೆ ಇಬ್ಬರಿಗೂ ಆಗಬಹುದು. ಆದರೆ ಅಷ್ಟು ಬೆಳಕು ಸಾಕಾ ಅಂತ ಸಂಜೆ ಅಲ್ಲಿ ಚುರುಮುರಿ ಮಾರುವ ಹೆಂಗಸರನ್ನು ಕೇಳಬೇಕು. ಗಾಡಿ ಮುಚ್ಚಿ ಕೊನೆಗೆ ಹೋಗುವವರು ಅವರೇ.

ಸವಿತಾ: ಹಾಗಾದರೆ ಬರೀ ಚಾಟ್ ಮಾಡಬೇಡಿ, ಹೋಗಿ ಕೇಳಿ. ವ್ಯಾಪಾರಿಗಳು ಕೋರ್ಟಿಗೆ ಹೋಗಿದ್ದು ನಕ್ಷೆ ಆದ ಮೇಲೆ. ನಿಮಗೆ ಇನ್ನೂ ನಕ್ಷೆಯೇ ಇಲ್ಲ.

ಉದಯ: ಮುಂದಿನ ತಿಂಗಳು ಬರುತ್ತೇನೆ. ಭಾನುವಾರ ಬೆಳಿಗ್ಗೆ ಆಗುತ್ತದಾ ರೇಣುಕಾ? ನಿಮ್ಮ ದೊಡ್ಡಪ್ಪ ಸಿಗುತ್ತಾರಾ?

ರೇಣುಕಾ: ಸಿಗುತ್ತಾರೆ. ಬರುವಾಗ ನಕ್ಷೆ ತರಬೇಡ, ಖಾಲಿ ಕಾಗದ ತಾ. ಅವರು ಕೈಗೆ ಹಗ್ಗ ಕೊಟ್ಟರೆ ಎಳೆಯಬೇಕಾಗುತ್ತದೆ.

ರಾಘು: ಭಾನುವಾರ ನಾನಿಲ್ಲ. ಸಂತೆ ಇದೆ, ಮನೆಯಲ್ಲಿ ಬಿಡುವುದಿಲ್ಲ.