ಎಂಜಿನ್ ಆಯ್ದುಕೊಳ್ಳುವ ಮೊದಲು ಮನೆಯ ಏರನ್ನು ನೋಡಿ, ಭಾವ

ಭಾವ, ಮಾರುತಿಯ ಫ್ರಾಂಕ್ಸ್ ಕಾರಿಗೆ 1.2 ಲೀಟರಿನ ಎಂಜಿನ್ ಸಾಕೇ, ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ 1.0 ಲೀಟರಿನ ಟರ್ಬೊ ಬೇಕೇ, ಅಲ್ಲ ಸಿಎನ್‌ಜಿಯೇ ಲಾಭವೇ ಎಂದು ನಿನ್ನೆ ಕೇಳಿದ್ದಿರಿ. ಬರೆದು ತಿಳಿಸುವುದಕ್ಕಿಂತ ಹೇಳುವುದೇ ಸುಲಭವೆನಿಸಿತು; ಸ್ವಲ್ಪ ಉದ್ದವಾದರೂ ಪೂರ್ತಿ ಕೇಳಿ.

ಬದಿಯಡ್ಕದಿಂದ ಕಾಸರಗೋಡಿಗೋ ಮಂಗಳೂರಿಗೋ ಹೋಗಿಬರುವುದಷ್ಟೇ ಆಗಿದ್ದರೆ 1.2 ಧಾರಾಳ ಸಾಕು. ಆದರೆ ನಿಮ್ಮ ಮನೆ ತೋಟದ ತಗ್ಗಿನಲ್ಲಿದೆ. ಅಂಗಳದಿಂದ ಪಂಚಾಯತು ರಸ್ತೆಗೆ ಹತ್ತುವ ಆ ಕಾಂಕ್ರೀಟ್ ಏರು ಮಳೆಗಾಲದ ಆಟಿ ತಿಂಗಳಲ್ಲಿ ಪಾಚಿ ಕಟ್ಟಿ ಹೇಗೆ ಜಾರುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 1.2 ಎಂಜಿನ್ನಿನ ಗರಿಷ್ಠ ಎಳೆತ 113 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4,400 ಸುತ್ತು ತಿರುಗಿದಾಗ. ಟರ್ಬೊದಲ್ಲಿ ಸುಮಾರು 148, ಅದು 2,000 ಸುತ್ತಿಗೇ ದೊರೆಯುತ್ತದೆ. ಐದು ಮಂದಿ ಕುಳಿತು, ಎ.ಸಿ. ಹಾಕಿ ಏರು ಹತ್ತುವಾಗ ಎಂಜಿನ್ನನ್ನು ಅರಚಿಸಬೇಕಾಗಿಲ್ಲವೆಂಬ ಕಾರಣಕ್ಕೆ ನನ್ನ ಒಲವು ಟರ್ಬೊದ ಕಡೆಗೆ. ಆದರೂ ತಿರುವಿನಲ್ಲಿ ನಿಂತು ಪುನಃ ಹೊರಡುವಾಗ, 2,000 ಸುತ್ತಿಗಿಂತ ಕೆಳಗೆ, ಟರ್ಬೊ ಕೂಡ ತುಸು ಮಂಕಾಗಿರುತ್ತದೆ. ಆದ್ದರಿಂದ ಶೋರೂಮಿನ ಸುತ್ತ ಓಡಿಸಿ ತೀರ್ಮಾನಿಸಬೇಡಿ. ಕಾರನ್ನು ಮನೆಗೇ ತರಿಸಿ, ದಿನವೂ ಮಗುವನ್ನು ಶಾಲೆಗೆ ಬಿಡುವ ಅಕ್ಕನೇ ಆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಲಿ.

ಸಿಎನ್‌ಜಿಯಲ್ಲಿ ಎಳೆತ 98.5ಕ್ಕೆ ಇಳಿಯುತ್ತದೆ, ಸಿಲಿಂಡರು ಡಿಕ್ಕಿಯನ್ನೂ ನುಂಗುತ್ತದೆ. ಅತ್ತೆಯವರ ವಾಕರ್ ಎಲ್ಲಿಡುತ್ತೀರಿ?

ಬೇರೆ ಕಂಪೆನಿಯ ಡೀಸೆಲ್ ಕಾರು ನೋಡಿ ಎಂದು ಒಬ್ಬರು ಸೂಚಿಸಿದ್ದಾರೆ. ಎಳೆತಕ್ಕೆ ಅದು ಉತ್ತಮವೇ. ಆದರೆ 2020ರ ಏಪ್ರಿಲಿನಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಓಡಬೇಕು. ಶಾಲೆ, ಸೊಸೈಟಿ, ಪೇಟೆ ಎಂದು ನಾಲ್ಕೈದು ಕಿಲೋಮೀಟರಿನ ಓಡಾಟಕ್ಕೆ ಅದು ಹೇಳಿಮಾಡಿಸಿದ್ದಲ್ಲ.

ಇನ್ನು ಮಾಡೆಲ್. ಸ್ಪೀಕರು, ಸೀಟ್ ಕವರು, ಹಿಂದಿನ ಕ್ಯಾಮರಾ ಇವನ್ನೆಲ್ಲ ಆಮೇಲೆ ಹಾಕಿಸಬಹುದು. ಏರ್‌ಬ್ಯಾಗು, ಜಾರುವ ಕಾರನ್ನು ಹಿಡಿತಕ್ಕೆ ತರುವ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಸರಿಯದಂತೆ ತಡೆಯುವ ಹಿಲ್ ಹೋಲ್ಡ್ ಇವನ್ನು ಹಾಗೆ ಹಾಕಿಸಲಾಗದು. ನೀವು ಆರಿಸುವ ಮಾಡೆಲಿನಲ್ಲಿ ಇವಿಷ್ಟೂ ಇವೆಯೆಂದು ಬಾಯಿಮಾತಿನಲ್ಲಲ್ಲ, ಕರಪತ್ರದಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಹಿಂದಿನ ಗಾಜಿಗೆ ವೈಪರೂ ಇರಲಿ, ನಮ್ಮ ಮಳೆಗೆ ಅದು ಶೋಕಿಯಲ್ಲ. ಇವೆಲ್ಲ ಸಿಕ್ಕಿದ ಮೇಲೆ, ಅದಕ್ಕೂ ಮೇಲಿನ ಮಾಡೆಲಿಗೆ ಹಣ ಸುರಿಯಬೇಡಿ.

ಕಾರು ತರಿಸುವ ದಿನ ತಿಳಿಸಿ, ನಾನೂ ಬರುತ್ತೇನೆ; ಐದನೆಯವರಾಗಿ ಹಿಂದೆ ಕೂರುವುದಕ್ಕೆ ಒಬ್ಬರು ಬೇಕಲ್ಲ.