ಶ್ರೀಲಂಕಾದಲ್ಲಿ ಸೈಕಲ್: ಕ್ಯಾಂಡಿಯಿಂದ ನುವರ ಎಲಿಯ ಏರು ನಮ್ಮಿಂದಾಗುತ್ತದೆಯೇ?

ಕುಕ್ಕರಹಳ್ಳಿ ಸವಾರ ಕೇಳಿದ್ದು:

ನಾವು ಮೈಸೂರಿನ ನಾಲ್ವರು ಗೆಳೆಯರು. ಬರುವ ಫೆಬ್ರವರಿಯಲ್ಲಿ ಎಂಟು ದಿನ ಶ್ರೀಲಂಕಾದಲ್ಲಿ ಸೈಕಲ್ ತುಳಿಯಬೇಕೆಂದಿದ್ದೇವೆ. ನೆಗೊಂಬೊದಿಂದ ಕುರುನೇಗಲ, ಕ್ಯಾಂಡಿ, ನುವರ ಎಲಿಯ, ಎಲ್ಲಾ ಎಂಬ ಊರು, ತಿಸ್ಸಮಹಾರಾಮ, ಆಮೇಲೆ ಕಡಲ ದಂಡೆ ಹಿಡಿದು ಗಾಲೆ. ಮೂವರು ವಾರಕ್ಕೆರಡು ಸಲ ಚಾಮುಂಡಿ ಬೆಟ್ಟ ಹತ್ತುತ್ತೇವೆ. ನಾಲ್ಕನೆಯವನು ಹೈಸ್ಕೂಲಿನಿಂದ ಜೊತೆಗಿದ್ದವನು. ಹೋದ ವರ್ಷವಷ್ಟೇ ಸೈಕಲ್ ಕೊಂಡ, ಒಂದು ದಿನದಲ್ಲಿ 60 ಕಿ.ಮೀ. ಇನ್ನೂ ದಾಟಿಲ್ಲ. ಅವನನ್ನು ಬಿಟ್ಟು ಹೋಗಲು ನಮಗೆ ಮನಸ್ಸಿಲ್ಲ. ಕ್ಯಾಂಡಿ–ನುವರ ಎಲಿಯ ಒಂದೇ ದಿನಕ್ಕೆ ಮುಗಿಸಬಹುದೇ? ಇಬ್ಬರು ಸಸ್ಯಾಹಾರಿಗಳು, ಊಟದ ಬಗ್ಗೆಯೂ ತಿಳಿಸಿ.

ಆಗುಂಬೆ ಮಳೆ:

ಒಂದೇ ದಿನಕ್ಕೆ ಬೇಡ. 2024ರ ಫೆಬ್ರವರಿಯಲ್ಲಿ ನಾವು ಮೂವರು ಹೆಂಗಸರು ಇದೇ ದಾರಿಯಲ್ಲಿ ಹೋಗಿ ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಕ್ಯಾಂಡಿ ಸುಮಾರು 500 ಮೀಟರ್ ಎತ್ತರದಲ್ಲಿದೆ, ನುವರ ಎಲಿಯ 1,868 ಮೀಟರ್. ಚಾಮುಂಡಿ ಬೆಟ್ಟವನ್ನು ಒಂದರ ಹಿಂದೊಂದರಂತೆ ನಾಲ್ಕೈದು ಸಲ ಹತ್ತಿದ ಹಾಗೆ, ಅದೂ ಸಾಮಾನು ಕಟ್ಟಿಕೊಂಡು. ಪೆರಾದೇನಿಯ ದಾಟಿ ಗಂಪೊಲದವರೆಗೆ ಮಹಾವೇಲಿ ನದಿಯ ಬಯಲು, ಸಲೀಸು. ಅಲ್ಲಿಂದ ಪುಸ್ಸಲ್ಲಾವಕ್ಕೆ ಏರು ಶುರು. ರಂಬೊಡದ ಹತ್ತಿರ ಒಂದು ಸುರಂಗ ಬರುತ್ತದೆ, ಹಿಂದೆ ಮುಂದೆ ಲೈಟ್ ಹಾಕಿಕೊಂಡೇ ಒಳಗೆ ಹೋಗಿ. ಅದರಾಚೆ ಟೀ ತೋಟದ ನಡುವೆ ತಿರುವಿನ ಮೇಲೆ ತಿರುವು. ಆಗುಂಬೆ ಘಾಟಿ ಹತ್ತಿ ಅಭ್ಯಾಸವಿದ್ದ ನನಗೇ ಕಾಲು ಸೋತಿತು.

ಆ ತಿರುವುಗಳಲ್ಲಿ ನಾನೂ ಇನ್ನೊಬ್ಬಳೂ ಮುಂದೆ ಹೋಗಿಬಿಟ್ಟೆವು. ಲಬೂಕೆಲಿಯಲ್ಲಿ ಟೀ ಕುಡಿಯುತ್ತ ಕೂತೆವು. ಮಂಜು ಇಳಿಯಿತು, ಜಿಟಿಜಿಟಿ ಮಳೆ ಹಿಡಿಯಿತು, ಮೂರನೆಯವಳು ಬರಲೇ ಇಲ್ಲ. ಅಲ್ಲಿನ ಸಿಮ್ ಇದ್ದದ್ದು ನನ್ನ ಫೋನಿಗೆ ಮಾತ್ರ. ಮುಕ್ಕಾಲು ಗಂಟೆ ಕಾದು, ಹೊಟ್ಟೆಯಲ್ಲಿ ಕಳವಳ ಕಟ್ಟಿಕೊಂಡು ಮತ್ತೆ ಕೆಳಗಿಳಿದೆ. ರಸ್ತೆ ಬದಿಯ ತಗಡಿನ ಅಂಗಡಿಯೊಂದರಲ್ಲಿ ಕೂತಿದ್ದಳು. ತೋಟದ ಕೆಲಸದ ಒಬ್ಬ ಅಮ್ಮ ಅವಳ ಹೆಗಲಿಗೆ ಟವೆಲ್ ಹೊದಿಸಿ, ಶುಂಠಿ ಟೀ ಕೊಟ್ಟು, ಕೈಗೆ ಬೆಲ್ಲದ ತುಂಡು ಇಟ್ಟಿದ್ದರು. ಆ ತೋಟಗಳಲ್ಲಿ ದುಡಿಯುವವರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ಕರೆದೊಯ್ದಿದ್ದು, ಈಗಲೂ ಮನೆಮಾತು ತಮಿಳೇ. ಬೆಂಗಳೂರಿನಲ್ಲಿ ಕಲಿತ ನನ್ನ ಹರಕು ತಮಿಳು ಅಲ್ಲಿ ಉಪಯೋಗಕ್ಕೆ ಬಂತು. ‘ಇವಳೊಬ್ಬಳನ್ನೇ ಬಿಟ್ಟು ಹೆಂಗಮ್ಮ ಹೋದಿರಿ’ ಅಂತ ಅವರು ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಟೀ ದುಡ್ಡೂ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನದಿಂದ ಏರಿನಲ್ಲಿ ಅವಳೇ ಮುಂದೆ, ನಾವಿಬ್ಬರೂ ಹಿಂದೆ. ನಿಮ್ಮ ನಾಲ್ಕನೆಯವರನ್ನೂ ಹಾಗೇ ಮುಂದೆ ಬಿಡಿ. ಅವರು ನಿಂತಲ್ಲಿ ನಿಲ್ಲಿ. ಮೊದಲ ದಿನ ಪುಸ್ಸಲ್ಲಾವ ಅಥವಾ ರಂಬೊಡದಲ್ಲಿ ಉಳಿದುಕೊಳ್ಳಿ, ಮರುದಿನ ಬೆಳಿಗ್ಗೆ ತಂಪಿನಲ್ಲೇ ಮೇಲಕ್ಕೆ ಹೋಗಿ. ಮಧ್ಯಾಹ್ನದ ಮೇಲೆ ಬೆಟ್ಟದ ಮಳೆಯನ್ನು ನಂಬಬೇಡಿ. ನುವರ ಎಲಿಯದಲ್ಲಿ ರಾತ್ರಿಗೆ ಸ್ವೆಟರ್ ಬೇಕೇ ಬೇಕು.

ಹೀಗೆ ಒಂದು ದಿನ ಹೆಚ್ಚಾಗುತ್ತದೆ. ಗಾಲೆ ಕೈಬಿಟ್ಟರೂ ಚಿಂತೆಯಿಲ್ಲ, ಆದರೆ ನುವರ ಎಲಿಯದಿಂದ ವೆಲಿಮಡದ ಇಳಿಜಾರನ್ನು ಬಿಡಬೇಡಿ. ಹಕ್ಗಲದ ಬಳಿ ಸೀತಮ್ಮನ ಗುಡಿ, ಪಕ್ಕದಲ್ಲೇ ಹರಿಯುವ ತೊರೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ಟು, ಕೋಸಿನ ಹೊಲ. ಗಾಳಿಗೇ ಹಸಿಮಣ್ಣಿನ ವಾಸನೆ.

ಗಾಲಿ ರಿಪೇರಿ:

ಮೇಡಂ ಹೇಳಿದ್ದು ಸರಿ. ಯಂತ್ರದ ಕಡೆಯಿಂದ ಎರಡು ಮಾತು. ಹಿಂದಿನ ಕ್ಯಾಸೆಟ್‌ನ, ಅಂದರೆ ಹಿಂಗಾಲಿಯ ಹಲ್ಲುಚಕ್ರಗಳ ಗುಂಪಿನ, ದೊಡ್ಡ ಚಕ್ರಕ್ಕೆ ಕನಿಷ್ಠ 34 ಹಲ್ಲು ಇರಲಿ. ಹೊಸಬರ ಸೈಕಲ್ಲಿಗೆ ಇದನ್ನು ಮೊದಲು ಹಾಕಿಸಿ, ನಿಮ್ಮದು ಆಮೇಲೆ. ವಿಮಾನಕ್ಕೆ ಡಬ್ಬಿ ಕಟ್ಟುವಾಗ ಗೇರ್ ಬದಲಿಸುವ ಹಿಂದಿನ ಡಿರೇಲರ್ ಬಿಚ್ಚಿ ಬಟ್ಟೆ ಸುತ್ತಿಡಿ. ಡಿರೇಲರ್ ಕೂರುವ, ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದನ್ನು ಇಲ್ಲಿಂದಲೇ ಒಯ್ಯಿರಿ, ಬಗ್ಗಿದರೆ ದಾರಿಯಲ್ಲಿ ಸಿಗುವ ವಸ್ತು ಅಲ್ಲ.

ಎಲ್ಲಾ ಎಂಬ ಆ ಊರಿನಿಂದ ವೆಲ್ಲವಾಯಕ್ಕೆ ಒಂದೇ ಸಮ ಇಳಿಜಾರು. ರಿಮ್ ಬ್ರೇಕ್ ಇದ್ದರೆ ಹಿಡಿದೇ ಇಳಿಯಬೇಡಿ, ರಿಮ್ ಕಾದು ಟ್ಯೂಬ್ ಸಿಡಿಯುತ್ತದೆ. ರಾವಣ ಜಲಪಾತ ರಸ್ತೆಗೆ ಅಂಟಿಕೊಂಡೇ ಇದೆ, ಅಲ್ಲಿ ನಿಂತು ಆರಲು ಬಿಡಿ. ಬಸ್ಸಿನವರು ಹಾರ್ನ್ ಹೊಡೆದರೆ ಹಟ ಮಾಡದೆ ಎಡಕ್ಕೆ ಸರಿಯಿರಿ.

ಕೆಂದೆಳನೀರು:

ಊಟದ ವಿಷಯ. ಅನ್ನ, ಪರಿಪ್ಪು ಅನ್ನುವ ಬೇಳೆ ಸಾರು, ಹಲಸಿನ ಗುಜ್ಜೆಯ ಪಲ್ಯ, ನಮ್ಮ ಒತ್ತುಶ್ಯಾವಿಗೆಯಂಥ ಇಂದಿಆಪ್ಪ ಎಲ್ಲ ಕಡೆ ಸಿಗುತ್ತದೆ. ತೆಂಗಿನತುರಿಯ ಪೊಲ್ ಸಂಬೋಲ ನೋಡಲು ನಮ್ಮ ಕೆಂಪು ಚಟ್ನಿಯ ಹಾಗೇ ಇದ್ದರೂ ಅದಕ್ಕೆ ಒಣಮೀನಿನ ಚೂರು, ಉಂಬಲಕಡ, ಹಾಕುವುದು ವಾಡಿಕೆ. ತಿನ್ನುವ ಮುಂಚೆ ಕೇಳಿ. ತಿಸ್ಸಮಹಾರಾಮದ ಕಡೆ ರಸ್ತೆ ಬದಿಯಲ್ಲಿ ಮಡಕೆಯಲ್ಲಿ ಎಮ್ಮೆ ಮೊಸರು ಮಾರುತ್ತಾರೆ, ಬೈನೆ ಮರದ ಜೋನಿಬೆಲ್ಲ ಸುರಿದುಕೊಂಡು ತಿನ್ನಿ. ಅಂಗಡಿಯಾಕೆಯನ್ನು ಅಕ್ಕ ಅಂತಲೇ ಕರೆಯಿರಿ, ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ.

ಒಂದು ಎಚ್ಚರಿಕೆ. ತಿಸ್ಸಮಹಾರಾಮಕ್ಕೆ ಇಳಿಯಲು ಬುತ್ತಲ–ಕತರಗಾಮ ರಸ್ತೆ ಮ್ಯಾಪಿನಲ್ಲಿ ಹತ್ತಿರ ಕಾಣುತ್ತದೆ. ಅದು ಯಾಲ ಕಾಡಿನ ಅಂಚು. ಹಣ್ಣಿನ ಆಸೆಗೆ ಆನೆಗಳು ವಾಹನ ತಡೆಯುತ್ತವೆ, ಸೈಕಲ್ಲಿನವರಿಗೆ ಒಳಗೆ ಕೂರಲು ಬಾಗಿಲೇ ಇಲ್ಲ. ತನಮಲ್ವಿಲದ ದಾರಿ ಹಿಡಿಯಿರಿ, ಅದನ್ನೂ ಚೆನ್ನಾಗಿ ಬಿಸಿಲೇರಿದ ಮೇಲೆ.

ಕುಕ್ಕರಹಳ್ಳಿ ಸವಾರ:

ಎಲ್ಲರಿಗೂ ಧನ್ಯವಾದ. ಆಗುಂಬೆ ಮಳೆ ಅವರ ಬರಹವನ್ನು ನಿನ್ನೆ ರಾತ್ರಿ ನಾಲ್ವರೂ ಕೂತು ಓದಿದೆವು. ಗಾಲೆ ಬಿಟ್ಟಿದ್ದೇವೆ, ಪುಸ್ಸಲ್ಲಾವದಲ್ಲಿ ಒಂದು ರಾತ್ರಿ ಸೇರಿಸಿದ್ದೇವೆ. ನಾಲ್ವರಿಗೂ ಬೇರೆ ಬೇರೆ ಸಿಮ್. ನಮ್ಮವನ ಸೈಕಲ್ ನಾಳೆ ಅಂಗಡಿಗೆ ಹೋಗುತ್ತಿದೆ, 34 ಹಲ್ಲಿನ ಕ್ಯಾಸೆಟ್ ಹಾಕಿಸಲು. ಮೇಡಂ, ಆ ತಗಡಿನ ಅಂಗಡಿ ಲಬೂಕೆಲಿಗಿಂತ ಎಷ್ಟು ಕೆಳಗಿದೆ? ಎಡಕ್ಕೋ ಬಲಕ್ಕೋ? ಅಲ್ಲೇ ನಿಂತು ಟೀ ಕುಡಿಯಬೇಕು ಅಂತಿದ್ದಾನೆ ಅವನು.

ಆಗುಂಬೆ ಮಳೆ:

ಹತ್ತುವಾಗ ಎಡಕ್ಕೆ, ಮೂರು ನಾಲ್ಕು ಕಿ.ಮೀ. ಕೆಳಗೆ. ಪಕ್ಕದಲ್ಲಿ ನೀರಿನ ನಲ್ಲಿ, ಎದುರಿಗೆ ಸಣ್ಣ ಮುರುಗನ ಗುಡಿ. ಆ ಅಮ್ಮ ಸಿಕ್ಕರೆ, ಟವೆಲ್ ಹೊದ್ದಿದ್ದವಳು ಚೆನ್ನಾಗಿದ್ದಾಳೆ ಅಂತ ಹೇಳಿ.